ನೆಲದ ಹಾಸಿಗೆ

ಊರಿನವರೆಲ್ಲ ಕಾಲಿಗೆ ಪಟ್ಟಿ ಬಿಗಿದು, ತೊಲೆಯ ಕೊಕ್ಕೆಗಳಿಗೆ ತಲೆಕೆಳಗಾಗಿ ಜೋತು ಮಲಗುತ್ತಿದ್ದರು. ಗಂಡ ಹೆಂಡತಿಗೆ ಅಕ್ಕಪಕ್ಕದ ಕೊಕ್ಕೆ, ಕೈಗೆ ಕೈ ಹಿಡಿದೇ ನಿದ್ದೆ. ಗಿರಿಜವ್ವನಿಗೆ ಮಾತ್ರ ಡಾಕ್ಟರಮ್ಮ ಆ ದಿನ ಬೆಳಿಗ್ಗೆ ಅದನ್ನು ಬಿಡಿಸಿದ್ದರು.

“ಹೊಟ್ಟಿ ಎದಿ ನಡುವಿನ ಪರದೆಯ ಕಿಂಡಿ ಅಗಲ ಆಗೇತ್ರಿ ಗಿರಿಜವ್ವಾರ. ಜಠರ ಎದಿಯೊಳಗ ಜಾರೇತಿ. ಉರಿಗೆ ಮಾತ್ರಿ ಅದಾವ. ಆದ್ರ ತಲಿಕೆಳಗ ಮಲಗಿದ್ರ ಜಠರ ತಿರುಚಿಕೊಂಡು ಜೀವಕ್ಕ ಕುತ್ತು.”

“ಹೊಲಿಗಿ ಹಾಕಿಬಿಡ್ರಲ್ಲ!” ಎಂದ ಗಂಡ ಶಾಂತವೀರಪ್ಪ.

“ಇವರ ಹೃದಯ ಆಪರೇಷನ್ ತಡಕೊಳ್ಳಂಗಿಲ್ರೀ.”

ಸಂಜೆ ನೆಲಕ್ಕೆ ಹಾಸಿಗೆ ಬಿತ್ತು, ತಲೆ ಎತ್ತರದಲ್ಲಿರಲೆಂದು ದಿಂಬುಗಳು ಬಂದವು. ಆ ಊರಲ್ಲಿ ನೆಲದ ಮೇಲೆ ಮಲಗಿಸುವುದು ಹೆಣವನ್ನು ಮಾತ್ರ. ಬಾಗಿಲಲ್ಲಿ ಇಣುಕಿದ ಪಕ್ಕದ ಮನೆಯ ನೀಲವ್ವ ಎದೆ ಬಡಿದುಕೊಂಡಳು.

“ಅಯ್ಯಯ್ಯ, ಯಾವಾಗ ಹೋದಿಯವ್ವಾ!”

“ಇನ್ನೂ ಅದೀನವಾ. ಅಳೂದು ಸ್ವಲ್ಪ ಉಳಿಸಿಕೋ.”

ಶಾಂತವೀರಪ್ಪ ತಾನೂ ನೆಲದಲ್ಲಿ ಮಲಗಿ ನೋಡಿದ. ತಲೆ ತಿರುಗಿ ವಾಂತಿಯಾಯಿತು. ಕೊನೆಗೆ ಪಟ್ಟಿಯನ್ನು ಉದ್ದ ಮಾಡಿ, ತನ್ನ ಮುಖ ಅವಳ ಮುಖದ ಪಕ್ಕಕ್ಕೆ ಬರುವಂತೆ ಜೋತುಬಿದ್ದ.

ಜೋತವರ ಕಣ್ಣೀರು ಹಣೆಗೆ ಹರಿದು ಕೂದಲಲ್ಲಿ ಇಂಗಿಹೋಗುತ್ತದೆ. ಮಲಗಿದಾಗ ಅವಳು ಅತ್ತದ್ದು ಮದುವೆಯಾದಾಗಿನಿಂದ ಅವನಿಗೆ ಕಂಡೇ ಇರಲಿಲ್ಲ. ಇಂದು ಅದು ಕೆನ್ನೆಯ ಮೇಲಿಳಿದು ಗದ್ದದಿಂದ ತೊಟ್ಟಿಕ್ಕಿತು.

“ಮೊದಲೂ ಹಿಂಗ ಅಳತಿದ್ದೇನ?” ಎಂದು ಕೇಳಿದ.

ಗಿರಿಜವ್ವ ಕೈ ಚಾಚಿ ಅವನ ಕೂದಲು ಸವರಿದಳು. ಅದು ಬುಡದವರೆಗೂ ಒದ್ದೆಯಾಗಿತ್ತು.