ಹಾಲುಹಲ್ಲು

ಮರಿಯನ್ನು ಹೊಟ್ಟೆಚೀಲದಲ್ಲಿ ಹೊರುತ್ತಿದ್ದ, ಎಂದೋ ಅಳಿದುಹೋದ ದೈತ್ಯಪ್ರಾಣಿಗಳ ಪಳೆಯುಳಿಕೆಗಳ ನಡುವೆ ಅದೊಂದು ದವಡೆ ಮಾತ್ರ ಪುಟ್ಟದು. ಅದು ಬೇರೆಯೇ ಒಂದು ಕುಬ್ಜ ಪ್ರಭೇದದ್ದೆಂದು ಗುರುತಿಸಿ, ಹೆಸರಿಟ್ಟು, ಗುರುಗಳು ಪ್ರಸಿದ್ಧರಾಗಿದ್ದರು.

ಈಗ ಶಿಷ್ಯೆಯ ಕೈಯಲ್ಲಿ ಆ ದವಡೆಯ ಎಕ್ಸ್‌ರೇ ಇತ್ತು. ಹಾಲುಹಲ್ಲಿನ ಕೆಳಗೆ ಇನ್ನೊಂದು ಹಲ್ಲು ಹುಟ್ಟಲು ಕಾದಿರುವುದು ನಿಚ್ಚಳವಾಗಿ ಕಾಣುತ್ತಿತ್ತು. ಅದು ಕುಬ್ಜವಲ್ಲ, ದೈತ್ಯದ ಮರಿ.

ಗುರುಗಳು ಬಾಗಿಲಲ್ಲಿ ಬಂದು ನಿಂತರು. "ಎಕ್ಸ್‌ರೇ ಬಂತೇನಮ್ಮ?"

ನಾಳೆ ಅವರಿಗೆ ಸನ್ಮಾನ. ಅವಳು ಎಕ್ಸ್‌ರೇಯನ್ನು ಕವರಿನೊಳಗೆ ಸರಿಸಿದಳು.

"ಬಂತು ಸರ್. ಆದ್ರೆ ಏನೂ ಸರಿಯಾಗಿ ಕಾಣ್ತಿಲ್ಲ."

ಹೇಳುವಾಗ ಅವಳಿಗೆ ತಲೆಯೆತ್ತಲಾಗಲಿಲ್ಲ. ಅವರೆದುರು ಅವಳು ಹೇಳಿದ ಮೊದಲ ಸುಳ್ಳು ಅದು.

ಅವರು ಕವರಿಗೆ ಕೈ ಚಾಚಲಿಲ್ಲ.

"ಹೆಸರಿಡೋಕೆ ಮುಂಚೆ ನಾನೂ ಒಂದು ತೆಗೆಸಿದ್ದೆ. ಅದರಲ್ಲೂ ಸರಿಯಾಗಿ ಕಾಣ್ಲಿಲ್ಲಮ್ಮ."