ಚನ್ನಕ್ಕನ ಫೈಲು

ಡ್ಯಾಂಡಿನಾಂಗ್‌ನ ಆ ಮನೆಯ ಬೆಲ್ ಒತ್ತುವ ಮುನ್ನ ರೋಶನ್ ಹಿಂದೆ ಮುಂದೆ ನೋಡಿದ. ಗುರುತಿನವರು ಯಾರೂ ಕಾಣಲಿಲ್ಲ. ಶನಿವಾರದ ಮೊದಲ ವಿಮಾನಕ್ಕೆ ಸಿಡ್ನಿ ಬಿಟ್ಟು, ಮೆಲ್ಬರ್ನ್‌ನಲ್ಲಿ ಇಳಿದು, ಟ್ರೈನ್ ಹಿಡಿದು ಬಂದಿದ್ದ. ಇವತ್ತೇ ಕೆಲಸ ಮುಗಿಯಬೇಕು. ಮುಂದಿನ ಭಾನುವಾರ ಅವನ ನಿಶ್ಚಿತಾರ್ಥ.

ಹುಡುಗಿ ನಿಶ್ಮಿತಾ, ಇದೇ ಮೆಲ್ಬರ್ನ್‌ನವಳು. ತಾಯಿ ಗುಣವತಿ ಉಡುಪಿ ಕಡೆಯವರು, ಇವಳೊಬ್ಬಳೇ ಮಗಳು. ರೋಶನ್‌ಗೆ ಇದು ಎರಡನೆಯ ಮದುವೆ ಎಂಬುದು ಅವರಿಗೆ ಗೊತ್ತಿತ್ತು. ಮೊದಲನೆಯವಳು ತೃಷಾ, ಹೊಂದಾಣಿಕೆಯಾಗದೆ ಊರಿಗೆ ಹೋದಳು ಎಂದು ಅವನೇ ಹೇಳಿದ್ದ. ಗುಣವತಿ ಎಲ್ಲ ಕೇಳಿಸಿಕೊಂಡು, "ಒಂದು ಮಾತು ಚನ್ನಕ್ಕನ ಹತ್ರ ಕೇಳ್ತೇನೆ" ಎಂದಿದ್ದರು. ಅಂದಿನಿಂದ ಅವನ ಹೊಟ್ಟೆಗೆ ಅನ್ನ ಸೇರಿರಲಿಲ್ಲ.

ಪಾಪ, ಯಾರಿಗಿದ್ದರೂ ಹಾಗೇ. ಹೆಂಡತಿಯನ್ನು ಹೊಡೆದವರ ಹೆಸರನ್ನು ಜನ ನೋಡುವ ಹಾಗೆ ಸರ್ಕಾರವೇನೂ ಬರೆದಿಡುತ್ತಿರಲಿಲ್ಲ. ಆದರೆ 2008ರ ಯುಗಾದಿ ಊಟದಲ್ಲಿ ಹೋಳಿಗೆ ಮುರಿಯುತ್ತ ಚನ್ನಕ್ಕ, "ಸರ್ಕಾರದ ಹಂತ್ಯಾಕ ಇಲ್ಲಂದ್ರ ಏನಾತು, ನನ್ನ ಹಂತ್ಯಾಕ ಒಂದು ಫೈಲ್ ಐತಿ" ಎಂದುಬಿಟ್ಟರು. ಮಜ್ಜಿಗೆ ಬರುವುದರೊಳಗೆ ಸುದ್ದಿ ಸಿಡ್ನಿ ಮುಟ್ಟಿತ್ತು.

ಆಮೇಲೆ ವರ್ಷವಿಡೀ ಎರಡೂ ಊರುಗಳಲ್ಲಿ ಚನ್ನಕ್ಕನನ್ನು ಕೇಳದೆ ಒಂದು ಸಂಬಂಧವೂ ಕುದುರಲಿಲ್ಲ. ಯಾರ ಮೇಲಿನ ಸಿಟ್ಟಿಗೆ ಯಾರು ಏನು ಬರೆಸಿದ್ದಾರೋ! ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ. ಒಬ್ಬ ಮುದುಕಿಯ ಫೈಲಿಗೆ ಎರಡು ನಗರದ ಗಂಡಸರು ಬೆವರುತ್ತಿದ್ದರು.

ರೋಶನ್ ಅಂಥವನೇ? ಕನ್ನಡ ಸಂಘದ ಊಟದಲ್ಲಿ ಕೊನೆಯ ಪಂಕ್ತಿಯವರೆಗೂ ಸಾರು ಬಡಿಸುವವನು. ಯಾರದೇ ಅಪ್ಪ ಅಮ್ಮ ಬರಲಿ, ಏರ್‌ಪೋರ್ಟಿಗೆ ಕಾರು ತೆಗೆದುಕೊಂಡು ಹೋಗುವವನು. ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯಲ್ಲಿ ಹೊಸ ಮನೆಗೆ ಬುಕ್ ಮಾಡಿದ್ದ. ಕೊನೆಗೆ ಗೆಳೆಯ ಬದರಿನಾಥನೇ ಅವನಿಗೆ ದಾರಿ ತೋರಿಸಿದ್ದು. "ಹೋಗಿ ಕೇಳ್ಕೊಂಡ್ರೆ ಹೆಸರು ತೆಗೀತಾರೆ ಕಣೋ. ನನ್ನದು ಹೋದ ತಿಂಗಳೇ ಕ್ಲಿಯರ್ ಆಯ್ತು."

ಬಾಗಿಲು ತೆರೆಯಿತು.

"ಬಾರಪಾ ತಮ್ಮಾ. ನಿಮ್ಮ ಸಂಘದ ಶಿವಪುತ್ರಪ್ಪ ಫೋನ್ ಮಾಡಿದ್ದ."

ಚನ್ನಕ್ಕ ಧಾರವಾಡದ ತಹಶೀಲ್ದಾರ್ ಕಚೇರಿಯಲ್ಲಿ ಮೂವತ್ತು ವರ್ಷ ಕ್ಲಾರ್ಕ್ ಆಗಿದ್ದು, ಮಗಳ ಜೊತೆಗಿರಲು ಇಲ್ಲಿಗೆ ಬಂದವರು. ಮೇಜಿನ ಮೇಲೆ ಫೈಲು ಇತ್ತು, ಮುಚ್ಚಿ ದಾರ ಕಟ್ಟಿದ್ದು.

"ಆಂಟಿ, ನನ್ನ ಹೆಸರು ಅದರಲ್ಲಿ ಉಂಟಾ?"

"ಅದನ್ನ ಹೇಳಂಗಿಲ್ಲ. ರೂಲ್ ಐತಿ."

"ತೃಷಾ ಎಂತ ಬರೆಸಿದ್ದಾಳೆ? ಎಲ್ಲ ಸುಳ್ಳು ಆಂಟಿ, ದೇವರಾಣೆ."

"ಸುಳ್ಳಿದ್ರ ತಗದು ಹಾಕೂಣು. ಒಂದು ಅರ್ಜಿ ಬರಕೊಡು."

ಅರ್ಜಿ! ರೋಶನ್‌ಗೆ ಹೋದ ಜೀವ ಬಂತು. ದೊಡ್ಡವರಿಂದ ಒಂದು ಫೋನ್, ಮೇಲೊಂದು ಅರ್ಜಿ, ಇಷ್ಟಿದ್ದರೆ ಆಗದ ಕೆಲಸವಿಲ್ಲ ಎಂದು ಊರಲ್ಲೇ ಕಲಿತು ಬಂದವನು ಅವನು. ಪೆನ್ನು ತೆಗೆದ.

"ತಾರೀಖು ಬರೋಬ್ಬರಿ ಹಾಕು," ಎಂದರು ಚನ್ನಕ್ಕ. "ಇಲ್ಲಂದ್ರ ಯಾವುದನ್ನ ತಗೀಬೇಕು ನನಗ ತಿಳಿಯಂಗಿಲ್ಲ. ನಡದದ್ದಷ್ಟೂ ಬರಿ. ನೀ ಬಿಟ್ಟದ್ದಕ್ಕ ನಾ ಏನೂ ಮಾಡಾಕ ಬರಂಗಿಲ್ಲ."

ಅವನು ಬರೆದ: ಸಿಟ್ಟಿನ ಭರದಲ್ಲಿ ಕೆನ್ನೆಗೆ ಒಂದು ಏಟು.

ಚನ್ನಕ್ಕ ಕನ್ನಡಕ ಏರಿಸಿ ಓದಿದರು. "ಒಂದಽ?"

ರೋಶನ್ ಫೈಲಿನ ಕಡೆ ಕಣ್ಣು ಹಾಯಿಸಿದ. 'ಒಂದು' ಎಂಬುದನ್ನು ಹೊಡೆದುಹಾಕಿ 'ನಾಲ್ಕು' ಎಂದು ತಿದ್ದಿದ.

"ಇಷ್ಟಽ ಏನು?"

ಅವನು ಹಾಳೆ ತಿರುಗಿಸಿ ಇನ್ನೊಂದು ತಾರೀಖು ಹಾಕಿದ. ತೃಷಾ ಬಾತ್‌ರೂಮಿನಲ್ಲಿ ಜಾರಿ ಬಿದ್ದಳೆಂದು ಆಸ್ಪತ್ರೆಯಲ್ಲಿ ಹೇಳಿದ್ದು ನಿಜವಲ್ಲ. ತಾನು ದೂಡಿದಾಗ ಬಿದ್ದು ಮಣಿಕಟ್ಟು ಮುರಿಯಿತು. ಆದರೆ ಮುರಿಯಲಿ ಎಂದು ದೂಡಿದ್ದಲ್ಲ.

"ಯಾವ ಕೈ?"

"ಎಡಗೈ ಆಂಟಿ."

"ಅದನ್ನೂ ಹಾಕು."

ಅವರು ಚಹಾ ತಂದಿಟ್ಟರು. ಇಟ್ಟ ರಭಸಕ್ಕೆ ಅರ್ಧ ಚಹಾ ಸಾಸರಿಗೆ ಚೆಲ್ಲಿತು. ಮುದುಕಿಗೆ ವಯಸ್ಸಾಯಿತು ಎಂದುಕೊಂಡ ರೋಶನ್. ವಯಸ್ಸಲ್ಲ, ಸಿಟ್ಟು. ಆ ಚಹಾ ಅವನ ಮುಖಕ್ಕೆ ಎರಚದೆ ಮೇಜಿನ ಮೇಲಿಡುವುದಕ್ಕೆ ಚನ್ನಕ್ಕನಿಗೆ ಮೂವತ್ತು ವರ್ಷದ ಕಚೇರಿಯ ಅಭ್ಯಾಸವೆಲ್ಲ ಬೇಕಾಯಿತು.

ರೋಶನ್ ಸಹಿ ಹಾಕಿದ. "ನಿಶ್ಮಿತಾಳ ಅಮ್ಮ ಕೇಳಿದರೆ ನೀವು..."

"ತೃಷಾ ಬರಸಿದ್ದು ಒಂದಕ್ಷರನೂ ನನ್ನ ಫೈಲಿನ್ಯಾಗ ಇಲ್ಲ ಅಂತೀನಿ. ಆಣಿ ಮಾಡಿ ಹೇಳ್ತೀನಿ, ಆತಿಲ್ಲೊ? ಆರಾಮ ಹೋಗು."

ಅವನು ಅವರ ಕಾಲು ಮುಟ್ಟಿ ನಮಸ್ಕರಿಸಿದ. ಗೇಟು ದಾಟುವಾಗ ಶಿಳ್ಳೆ ಹಾಕುತ್ತಿದ್ದ.

ಚನ್ನಕ್ಕ ಅವನು ತಿರುವು ದಾಟುವವರೆಗೆ ಕಿಟಕಿಯಲ್ಲಿ ನಿಂತಿದ್ದು, ಗುಣವತಿಗೆ ಫೋನ್ ಮಾಡಿದರು. ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು, ಹೊಡೆದುಹಾಕಿದ್ದನ್ನೂ ಬಿಡದೆ.

"ನನ್ನ ಮಗಳು ಬಚಾವಾದಳು," ಎಂದು ಗುಣವತಿ ಅತ್ತೇಬಿಟ್ಟರು. ಮೂಗು ಒರೆಸಿಕೊಂಡು ಕೇಳಿದರು, "ಆ ತೃಷಾ ನಿಮಗೆ ಇದನ್ನೆಲ್ಲ ಯಾವಾಗ ಹೇಳಿದ್ದು ಚನ್ನಕ್ಕ?"

"ಅಕಿನ್ನ ನಾ ಕಣ್ಣಿಲೆ ಕಂಡಿಲ್ಲ."

ಫೋನಿಟ್ಟು, ಚನ್ನಕ್ಕ ಹಾಳೆಗೆ ತೂತು ಹಾಕಿ, ಹದಿನೇಳು ಎಂದು ನಂಬರು ಬರೆದು ಫೈಲಿಗೆ ಪೋಣಿಸಿದರು.

ಮೊದಲಿನ ಹದಿನಾರು ಹಾಳೆಗಳೂ ಹೆಸರು ತೆಗೆಸಲು ಬಂದವರು ತಾವೇ ಕೂತು ಬರೆದುಕೊಟ್ಟ ಅರ್ಜಿಗಳು. ಅವರು ಬರುವುದಕ್ಕೆ ಮುಂಚೆ ಆ ಫೈಲಿನಲ್ಲಿ ಯಾರ ಹೆಸರೂ ಇರಲಿಲ್ಲ.