ಮಗುವಿನ ಡೋಸು

“ಮನೇಲಿ ಏನಾದ್ರೂ ಔಷಧಿ ಕೊಟ್ಟಿದ್ರಾ?” ಬೆಕ್ಕಿನ ತುಟಿ ಎತ್ತಿ ಒಸಡು ನೋಡುತ್ತಿದ್ದ ಹೊಸ ಡಾಕ್ಟರಮ್ಮ ಕೇಳಿದರು. ಬೆಕ್ಕನ್ನು ತಂದಿದ್ದ ಔಷಧಿ ಅಂಗಡಿಯವನಿಗೆ ರೇಗಿತು. ಹಳೆಯ ಡಾಕ್ಟರಾಗಿದ್ದರೆ ಇಷ್ಟು ಹೊತ್ತಿಗೆ ಇಂಜೆಕ್ಷನ್ ಚುಚ್ಚಿ ಮನೆಗೆ ಕಳಿಸಿರುತ್ತಿದ್ದರು.

“ಕೊಡದೆ ಇರ್ತೀನಾ? ಇಪ್ಪತ್ತೈದು ವರ್ಷದಿಂದ ಮೆಡಿಕಲ್ ಸ್ಟೋರ್ ಇಟ್ಟಿದ್ದೀನಮ್ಮ. ನಿನ್ನೆ ಮೈ ಸುಡ್ತಿತ್ತು. ತಕ್ಕಡಿ ಮೇಲೆ ಕೂರಿಸಿ ತೂಕ ನೋಡಿದೆ, ನಾಲ್ಕು ಕೆಜಿ. ಅಷ್ಟೇ ತೂಕದ ಮಗೂಗೆ ಎಷ್ಟೋ ಅಷ್ಟೇ ಪ್ಯಾರಾಸಿಟಮಾಲ್ ಹನಿ ಹಾಕಿದೆ. ಸಂಜೆ ಒಂದ್ಸಲ, ಬೆಳಿಗ್ಗೆ ಒಂದ್ಸಲ. ಬೇರೆಯವರು ಕೊಟ್ರೆ ಪರಚುತ್ತೆ, ನಾನು ಏನು ಕೊಟ್ರೂ ಕುಡಿಯುತ್ತೆ. ನನ್ನ ಲೆಕ್ಕ ತಪ್ಪಲ್ಲ.”

“ಸ್ವಲ್ಪ ಮೆತ್ತಗೆ ಮಾತಾಡ್ರೀ,” ಹೆಂಡತಿ ಅವನ ತೋಳು ಚಿವುಟಿದಳು. “ಅವರೇನು ನಿಮ್ಮ ಅಂಗಡಿ ಗಿರಾಕೀನಾ?”

ಡಾಕ್ಟರಮ್ಮ ಎತ್ತಿದ ತುಟಿಯನ್ನು ಬಿಡಲಿಲ್ಲ. “ಇಲ್ಲಿ ನೋಡಿ ಸಾರ್,” ಎಂದರು. ಗುಲಾಬಿಯಾಗಿರಬೇಕಾದ ಒಸಡು ಕಾಫಿ ಬಣ್ಣಕ್ಕೆ ತಿರುಗಿತ್ತು. “ನಿಮ್ಮ ಲೆಕ್ಕ ಮಗೂಗೆ ಸರಿ. ಬೆಕ್ಕಿಗೆ ಅದು ವಿಷ, ಒಂದು ಹನೀನೂ ಕೊಡಬಾರದು. ಆಗಲೇ ರಕ್ತ ಕೆಟ್ಟಿದೆ. ಉಳಿಯುತ್ತೆ ಅಂತ ನಾನು ಹೇಳಲಾರೆ, ಕೈಲಾದ್ದು ಮಾಡ್ತೀನಿ. ಗಟ್ಟಿಯಾಗಿ ಹಿಡ್ಕೊಳ್ಳಿ.”

ಅವನು ಮೇಜಿಗೆ ಒತ್ತಿ ನಿಂತು ಕೈ ಚಾಚಿದ. ಡಾಕ್ಟರಮ್ಮ ಸೂಜಿ ಹಿಡಿದು ಹತ್ತಿರ ಬಂದರು. ಬೆಕ್ಕು ಅವರನ್ನು ಕಂಡು ಹೆದರಿ, ಇದ್ದಬದ್ದ ಶಕ್ತಿಯಲ್ಲಿ ಮೇಜಿನ ಮೇಲೆ ತೆವಳಿಕೊಂಡು ಬಂದು, ಅವನ ಕಂಕುಳಲ್ಲಿ ತಲೆ ಹುದುಗಿಸಿತು.